ಸೂಪರ್‌ಕಂಪ್ಯೂಟರಿನ ಬಾಗಿಲು, ಸಂಶೋಧಕರ ಕೀಲಿ

2020ರ ಮೇ 11ರಂದು ಬ್ರಿಟನ್ನಿನ ಎಡಿನ್‌ಬರೋದಲ್ಲಿದ್ದ ಆರ್ಚರ್ ಸೂಪರ್‌ಕಂಪ್ಯೂಟರಿಗೆ ಲಾಗಿನ್ ಆಗುವುದನ್ನು ನಿಲ್ಲಿಸಲಾಯಿತು. ಅದೇ ದಿನ ಜರ್ಮನಿಯ ಬಾಡನ್-ವುರ್ಟೆಂಬರ್ಗ್ ರಾಜ್ಯದ ಹಲವು ಯಂತ್ರಗಳೂ ಬಾಗಿಲು ಹಾಕಿದವು. ವಾರದೊಳಗೆ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಕೇಂದ್ರವೂ ಹೊರಗಿನವರ ಪ್ರವೇಶ ತಡೆಯಿತು. ಕೋವಿಡ್ ಸಂಶೋಧನೆಗೆ ಈ ಯಂತ್ರಗಳು ಬೇಕೇಬೇಕಾಗಿದ್ದ ತಿಂಗಳು ಅದು.

ಒಳನುಗ್ಗಿದವರು ಕೆಲವೆಡೆ ಮೊನೆರೋ ಎಂಬ ಕ್ರಿಪ್ಟೊಕರೆನ್ಸಿಯ ಗಣಿಗಾರಿಕೆಗೆ, ಅಂದರೆ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸಲು, ಯಂತ್ರಗಳನ್ನು ದುಡಿಸಿಕೊಂಡಿದ್ದರು. ಯಾರಿಗೂ ಗೊತ್ತಾಗದಿರಲೆಂದು ರಾತ್ರಿ ಮಾತ್ರ ಓಡುವಂತೆ ಮಾಡಿಟ್ಟದ್ದೂ ಉಂಟು. ಅವರು ಬಂದದ್ದು ಕದ್ದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ನುಗಳಿಂದ. ನಿಜವಾದ ಸಂಶೋಧಕರ ಹೆಸರಲ್ಲೇ ಒಂದು ಕೇಂದ್ರದಿಂದ ಇನ್ನೊಂದಕ್ಕೆ ದಾಟುತ್ತಾ ಹೋದರು.

ಸೂಪರ್‌ಕಂಪ್ಯೂಟರ್ ಒಂದು ವಠಾರ. ನೂರಾರು ಮಂದಿ ಲಾಗಿನ್ ನೋಡ್ ಎಂಬ ಒಂದೇ ಹೆಬ್ಬಾಗಿಲಿನ ಮೂಲಕ ಒಳಬರುತ್ತಾರೆ. ಹೊರಗಿನವನು ಒಬ್ಬರ ಖಾತೆ ಹಿಡಿದು, ಯಂತ್ರ ನಡೆಸುವ ತಂತ್ರಾಂಶದ ತಿರುಳಾದ ಲಿನಕ್ಸ್ ಕರ್ನಲ್ಲಿನ ಹಳೆಯ ಆವೃತ್ತಿಯ ದೋಷ ಬಳಸಿ ರೂಟ್ ಅಧಿಕಾರ, ಅಂದರೆ ಇಡೀ ಯಂತ್ರದ ಯಜಮಾನಿಕೆ, ಪಡೆದನೆಂದರೆ ಎಲ್ಲರ ಹೋಮ್ ಡೈರೆಕ್ಟರಿಯೂ (ಸ್ವಂತ ಫೈಲುಗಳ ಜಾಗ) ಅವನ ಮುಂದೆ ತೆರೆದುಕೊಳ್ಳುತ್ತದೆ. ಅಲ್ಲಿ ಅವನು ಮೊದಲು ಹುಡುಕುವುದು ಎಸ್‌ಎಸ್‌ಎಚ್ ಫೋಲ್ಡರನ್ನು. ಖಾಸಗಿ ಕೀಲಿ ಎಂದರೆ ಲಾಗಿನ್ ಆಗುವಾಗ ನಮ್ಮ ಗುರುತು ತೋರಿಸುವ ಗುಟ್ಟಿನ ಫೈಲು; ಅದನ್ನು ಕಾಯುವ ಗುಪ್ತಪದ ಪಾಸ್‌ಫ್ರೇಸ್. ಆ ಫೋಲ್ಡರಿನಲ್ಲಿ ಪಾಸ್‌ಫ್ರೇಸ್ ಇಲ್ಲದ ಖಾಸಗಿ ಕೀಲಿ ಸಿಕ್ಕಿದರೆ ನಕಲು ಮಾಡಿಕೊಂಡರೆ ಸಾಕು. ಆ ಕೀಲಿ ಎಲ್ಲೆಲ್ಲಿ ನಡೆಯುತ್ತದೆ? ಪಕ್ಕದಲ್ಲೇ ‘ನೋನ್ ಹೋಸ್ಟ್ಸ್’ ಎಂಬ ಫೈಲಿದೆ. ಈ ಸಂಶೋಧಕರು ಹಿಂದೆ ಹೋಗಿಬಂದ ಯಂತ್ರಗಳ ಪಟ್ಟಿ ಎಷ್ಟೋ ಕಡೆ ಅದರಲ್ಲಿ ಸರಾಗವಾಗಿ ಓದಲು ಸಿಗುತ್ತದೆ.

ಆದ್ದರಿಂದಲೇ ವರ್ಷಕ್ಕೊಮ್ಮೆ ಸ್ಲೈಡು ತೋರಿಸಿ, ಕೊನೆಗೆ ಪ್ರಶ್ನೆಗಳಿಗೆ ಟಿಕ್ ಹಾಕಿಸುವ ಸೈಬರ್ ಭದ್ರತಾ ತರಬೇತಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಪಿಎಚ್‌ಡಿ ವಿದ್ಯಾರ್ಥಿಯನ್ನು ಅವರದೇ ಟರ್ಮಿನಲ್ ಮುಂದೆ ಕೂರಿಸಬೇಕು. ಆ ಫೋಲ್ಡರ್ ತೆರೆಸಿ, ಖಾಸಗಿ ಕೀಲಿ ಕ್ಲಸ್ಟರಿನಲ್ಲಿ, ಅಂದರೆ ಎಲ್ಲರೂ ಹಂಚಿಕೊಳ್ಳುವ ಆ ದೊಡ್ಡ ಯಂತ್ರದಲ್ಲಿ, ಬಿದ್ದಿದೆಯೇ ಎಂದು ನೋಡಿಸಬೇಕು. ಅದು ಇರಬೇಕಾದದ್ದು ಸ್ವಂತ ಲ್ಯಾಪ್‌ಟಾಪಿನಲ್ಲಿ. ಪಾಸ್‌ಫ್ರೇಸ್ ಇಲ್ಲವಾದರೆ ಹೊಸ ಕೀಲಿ ಮಾಡುವ ಅಗತ್ಯವೂ ಇಲ್ಲ. ಕೀಲಿ ಮಾಡುವ ಎಸ್‌ಎಸ್‌ಎಚ್-ಕೀಜೆನ್ ಆದೇಶಕ್ಕೆ ‘-p’ (ಸಣ್ಣ ಅಕ್ಷರದ ಪಿ) ಆಯ್ಕೆ ಕೊಟ್ಟರೆ ಇರುವ ಕೀಲಿಗೇ ಹಾಕಬಹುದು, ಅರ್ಧ ನಿಮಿಷದ ಕೆಲಸ. ಆದರೆ ಕೀಲಿ ಈಗಾಗಲೇ ಕ್ಲಸ್ಟರಿನಲ್ಲಿ ಬಿದ್ದಿದ್ದರೆ ಅದನ್ನು ರದ್ದುಮಾಡಿ ಹೊಸದನ್ನೇ ಮಾಡಿಕೊಳ್ಳಬೇಕು. ಒಂದು ಯಂತ್ರದ ಮೂಲಕ ಇನ್ನೊಂದಕ್ಕೆ ಹೋಗಲು ಏಜೆಂಟ್ ಫಾರ್ವರ್ಡಿಂಗ್ (ಕೀಲಿಯ ಬಳಕೆಯನ್ನು ನಡುವಿನ ಯಂತ್ರಕ್ಕೂ ಒದಗಿಸುವುದು) ಬಳಸುವವರಿಗೆ ಪ್ರಾಕ್ಸಿಜಂಪ್ (ನಡುವಿನ ಯಂತ್ರವನ್ನು ಬರಿಯ ದಾರಿಯಾಗಿ ಬಳಸುವುದು) ಕಲಿಸಬೇಕು. ಫಾರ್ವರ್ಡಿಂಗ್‌ನಲ್ಲಿ ನಡುವಿನ ಯಂತ್ರದ ರೂಟ್ ಕೈಗೆ ಸಿಕ್ಕವನು ನಿಮ್ಮ ಪರವಾಗಿ ಸಹಿ ಹಾಕಿಸಿಕೊಳ್ಳಬಲ್ಲ. ಪ್ರಾಕ್ಸಿಜಂಪ್‌ನಲ್ಲಿ ಆ ಅವಕಾಶವಿಲ್ಲ.

ಇನ್ನು 777, ಅಂದರೆ ಯಾರು ಬೇಕಾದರೂ ಓದಲು, ಬದಲಿಸಲು, ಓಡಿಸಲು ಬಿಡುವ ಲಿನಕ್ಸ್ ಅನುಮತಿ. ಸಹೋದ್ಯೋಗಿಗೆ ಫೈಲು ಓದಲಾಗುತ್ತಿಲ್ಲ ಎಂದಾಗ ಡೈರೆಕ್ಟರಿಗೆ ಈ ಅನುಮತಿ ಕೊಟ್ಟು ಮರೆತುಬಿಡುವುದು ಲ್ಯಾಬುಗಳಲ್ಲಿ ಮಾಮೂಲು. ಕೋಡ್ ಇಡುವ ಸಾರ್ವಜನಿಕ ಗಿಟ್ ರೆಪೊಸಿಟರಿಯಲ್ಲಿ ಉಳಿದ ಟೋಕನ್ (ಪಾಸ್‌ವರ್ಡಿನಂತೆ ಪ್ರವೇಶ ಕೊಡುವ ಗುಟ್ಟಿನ ಅಕ್ಷರಸಾಲು), ಜೂನಿಯರ್‌ಗೆ ವಾಟ್ಸಾಪಿನಲ್ಲಿ ಹೋದ ಪಾಸ್‌ವರ್ಡ್ ಕೂಡ ಇದೇ ಜಾತಿಯವು. ಇವನ್ನೆಲ್ಲ ಸೋಮಾರಿತನ ಎಂದು ಬೈಯುವುದು ಅನ್ಯಾಯ. ಪೇಪರ್ ಕಳಿಸುವ ಗಡುವು ನಾಳೆ ಇದ್ದಾಗ ಜನ ಹತ್ತಿರದ ದಾರಿ ಹಿಡಿಯುತ್ತಾರೆ. ತಮ್ಮ ತಂಡಕ್ಕೆ ಮಾತ್ರ ತೆರೆಯುವ ಗ್ರೂಪ್ ಅನುಮತಿ ಕೊಡುವುದು ಅಷ್ಟೇ ಸುಲಭವೆಂದು ಮೊದಲೇ ತೋರಿಸಿಕೊಟ್ಟವರು ಇರುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 3.3 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷಕೋಟಿ ಲೆಕ್ಕ) ಶಕ್ತಿಯ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ 2022ರಿಂದ ನಡೆಯುತ್ತಿದೆ. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನ ಯಂತ್ರಗಳು ಬಂದಂತೆಲ್ಲ ನಮ್ಮ ಎಂ.ಎಸ್ಸಿ. ಹುಡುಗ ಹುಡುಗಿಯರೂ ಕ್ಲಸ್ಟರ್ ಬಳಸತೊಡಗಿದ್ದಾರೆ. ಖಾತೆ ಕೊಡುವ ದಿನವೇ ಈ ಪಾಠವೂ ಆಗಬೇಕು.

ಆರ್ಚರ್ ಮತ್ತೆ ತೆರೆದಾಗ ಹಳೆಯ ಪಾಸ್‌ವರ್ಡು, ಹಳೆಯ ಕೀಲಿ ಯಾವುದೂ ನಡೆಯಲಿಲ್ಲ. ಪಾಸ್‌ಫ್ರೇಸ್ ಇರುವ ಕೀಲಿ, ಅದರ ಜೊತೆಗೆ ಪಾಸ್‌ವರ್ಡು, ಎರಡೂ ಬೇಕಾದವು. ಆದರೂ ಬಳಕೆದಾರರ ಕಣ್ಣಿಗೆ ಬದಲಿಯಿಲ್ಲ. ಲಾಗಿನ್ ಆದೊಡನೆ ಸಾಮಾನ್ಯವಾಗಿ ಒಂದು ಸಾಲು ಮೂಡುತ್ತದೆ: ಕಳೆದ ಸಲ ಈ ಖಾತೆಗೆ ಯಾವಾಗ, ಯಾವ ವಿಳಾಸದಿಂದ ಪ್ರವೇಶವಾಯಿತು ಎಂದು. ಆ ಹೊತ್ತು ನಿಮ್ಮದಲ್ಲ ಅನ್ನಿಸಿದರೆ ಯಾವ ಫೈಲನ್ನೂ ಅಳಿಸಬೇಡಿ. ಏನನ್ನೂ ಸರಿಪಡಿಸಲು ಹೋಗದೆ ಸಿಸ್ಟಂ ಅಡ್ಮಿನ್‌ಗೆ ಫೋನ್ ಮಾಡಿ. ಸುಳಿವು ಆ ಫೈಲುಗಳಲ್ಲೇ ಇರುತ್ತದೆ.