ಚಿತ್ರವಿಲ್ಲದ ಪುಸ್ತಕದಲ್ಲಿ ಗಿಡದ ಗುರುತು

ಗದಗಿನ ನಮ್ಮ ಮನೆಯ ಹಿತ್ತಲಲ್ಲಿ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ ಇದೆ. ಬಲಿತ ಬಳ್ಳಿಯನ್ನು ಕುಡುಗೋಲಿನಿಂದ ಅಡ್ಡ ಕೊಯ್ದರೆ ಒಳಗೆ ಬಂಡಿಯ ಗಾಲಿಯೊಂದು ಕಾಣುತ್ತದೆ. ನಡುವಿನಿಂದ ಅಂಚಿನವರೆಗೆ ಗೆರೆಗಳು ಹರಡಿರುತ್ತವೆ. ಕೊಯ್ದ ತುಂಡನ್ನು ಗೋಡೆಯ ಮೊಳೆಗೆ ತೂಗುಹಾಕಿ ಮರೆತರೂ ಅದು ಸಾಯುವುದಿಲ್ಲ, ಚಿಗುರೊಡೆಯುತ್ತದೆ. ಈ ಬಳ್ಳಿಗೆ ಸಂಸ್ಕೃತದಲ್ಲಿ ಗುಡೂಚಿ ಎಂಬ ಹೆಸರಿರುವುದು ಎಲ್ಲರಿಗೂ ಗೊತ್ತು. ಹಳೆಯ ವೈದ್ಯರು ಅದನ್ನು ಚಕ್ರಲಕ್ಷಣಿಕಾ ಎಂದೂ ಕರೆದರು, ಎಂದರೆ ಚಕ್ರದ ಗುರುತುಳ್ಳದ್ದು. ಛಿನ್ನರುಹಾ ಎಂದೂ ಕರೆದರು, ಎಂದರೆ ಕತ್ತರಿಸಿದರೂ ಬೆಳೆಯುವಂಥದ್ದು.

ಹೀಗೆ ಒಂದೊಂದು ಗಿಡಕ್ಕೂ ಹತ್ತಾರು ಹೆಸರು ಕೂಡಿಸಿ, ಅದರ ರುಚಿ, ಗುಣ, ಉಪಯೋಗ ಹೇಳುವ ಗ್ರಂಥಗಳಿಗೆ ವೈದ್ಯರು ನಿಘಂಟು ಎನ್ನುತ್ತಿದ್ದರು. ಧನ್ವಂತರಿ ನಿಘಂಟು, ರಾಜನಿಘಂಟು ಈ ಸಾಲಿನವು. ಅವುಗಳನ್ನು ಬರಿಯ ಪರ್ಯಾಯ ಪದಗಳ ಪಟ್ಟಿ ಎಂದುಕೊಂಡು ಪುಟ ತಿರುಗಿಸುವವರನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ. ಓಲೆಗರಿಯಲ್ಲಿ ಗಿಡದ ಚಿತ್ರ ಬರೆಯುವ ರೂಢಿ ಇಲ್ಲದ ಕಡೆ ಹೆಸರೇ ಚಿತ್ರದ ಕೆಲಸ ಮಾಡಬೇಕಿತ್ತು. ಮಳೆಗಾಲ ಮುಗಿದ ಮೇಲೆ ಹೊಲದ ಬದುವಿನಲ್ಲಿ ನಡೆದು ಬಂದರೆ ಧೋತರದ ಅಂಚಿಗೆ ಉತ್ತರಾಣಿಯ ಕಾಳು ಸಾಲಾಗಿ ಅಂಟಿರುತ್ತವೆ. ಅದರ ತೆನೆಯ ಮೇಲೆ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಆಡಿಸಿ ನೋಡಿ, ಚುಚ್ಚುತ್ತದೆ. ಹೂವಿನ ಮುಖ ಕೆಳಕ್ಕೆ ತಿರುಗಿರುವುದೇ ಕಾರಣ. ಅದಕ್ಕೇ ಅದು ಖರಮಂಜರಿ, ಒರಟು ತೆನೆಯದು. ಪ್ರತ್ಯಕ್‌ಪುಷ್ಪಿ, ಹಿಮ್ಮುಖ ಹೂವಿನದು.

ಈ ಹೆಸರುಗಳನ್ನು ಕಟ್ಟಿದವರು ಗಿಡವನ್ನು ಮುಟ್ಟಿ ನೋಡಿದವರು. ಅವರಿಗೆ ಗುರುತು ಹೇಳಿಕೊಟ್ಟವರು ಯಾರು ಎಂಬುದನ್ನು ಚರಕಸಂಹಿತೆ ತನ್ನ ಮೊದಲ ಅಧ್ಯಾಯದಲ್ಲೇ ಬಾಯಿಬಿಟ್ಟು ಹೇಳುತ್ತದೆ: ಗಿಡಮೂಲಿಕೆಗಳ ಹೆಸರು, ರೂಪ ಬಲ್ಲವರು ಕಾಡಿನಲ್ಲಿ ಆಡು ಕಾಯುವವರು, ಕುರಿ ಕಾಯುವವರು, ದನ ಕಾಯುವವರು ಮತ್ತು ಅಡವಿಯಲ್ಲಿ ಬಾಳುವವರು. ಹೆಸರು, ರೂಪ ಗೊತ್ತಿದ್ದ ಮಾತ್ರಕ್ಕೆ ಬಳಕೆ ಗೊತ್ತಾಗುವುದಿಲ್ಲ ಎಂದೂ ಕೂಡಲೇ ಎಚ್ಚರಿಸುತ್ತದೆ. ಗದಗ, ಹಾವೇರಿ ಸೀಮೆಯಲ್ಲಿ ಕಂಬಳಿ ಹೊದ್ದು ಕುರಿಹಿಂಡಿನ ಹಿಂದೆ ನಡೆಯುವವರನ್ನು ದಿನವೂ ನೋಡುವ ನಮಗೆ ಆ ಮಾತು ಎಲ್ಲೋ ದೂರದ್ದು ಅನಿಸುವುದಿಲ್ಲ. ‘ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು’ ಎಂಬ ನಮ್ಮ ಭಾಗದ ಮಾತು ಹುಟ್ಟಿದ್ದೂ ಮೂಲಿಕೆ ತುಂಬಿದ ಗುಡ್ಡದ ಮೇಲೆಯೇ. ಕಪ್ಪತಗುಡ್ಡ ವನ್ಯಜೀವಿಧಾಮವಾದದ್ದು 2019ರಲ್ಲಿ.

ಸಂಸ್ಕೃತದ ಈ ವಿದ್ಯೆ ಕನ್ನಡಕ್ಕೆ ಇಳಿದದ್ದು ಬಹುಪಾಲು ಕಲ್ಯಾಣ ಚಾಲುಕ್ಯರ ಕಾಲದಲ್ಲಿ. 1025ರ ಸುಮಾರಿಗೆ ಚಾವುಂಡರಾಯನ ಲೋಕೋಪಕಾರ ಬಂದಿತು. ವೈದ್ಯ, ಅಡುಗೆ, ನೀರು ಹುಡುಕುವ ವಿದ್ಯೆ, ಮರಗಿಡಗಳ ಆರೈಕೆ ಎಲ್ಲವೂ ಅದರಲ್ಲಿದೆ. 1125ರ ಸುಮಾರಿಗೆ ಚಾಲುಕ್ಯ ಮನೆತನದ ಕೀರ್ತಿವರ್ಮ ಗೋವೈದ್ಯ ಬರೆದ. ರಾಜಕುಮಾರನೊಬ್ಬ ದನಕರುಗಳ ಔಷಧಿಯ ಬಗ್ಗೆ ಗ್ರಂಥ ಬರೆದ ಎಂಬುದನ್ನು ಹಾವೇರಿಯ ದನದ ಸಂತೆಯಲ್ಲಿ ನಿಂತು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಆಮೇಲೆ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. 1360ರ ಸುಮಾರಿಗೆ ಮಂಗರಾಜ ವಿಷವೈದ್ಯವನ್ನೇ ವಸ್ತುವಾಗಿ ಇಟ್ಟುಕೊಂಡು ಖಗೇಂದ್ರಮಣಿದರ್ಪಣ ರಚಿಸಿದ.

ಬರೆದರೆ ಸಾಲದು, ಓಲೆಗರಿ ಹುಳು ಹಿಡಿಯುವ ಮೊದಲೇ ಮತ್ತೊಂದು ಪ್ರತಿ ಆಗಬೇಕು. ಗದಗಿನಿಂದ 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಪುರಾಣಕ್ಕೆ ಸಿಕ್ಕ ಆ ಭಾಗ್ಯ ವೈದ್ಯಗ್ರಂಥಗಳಿಗೆ ಸಿಗಲಿಲ್ಲ. ಅವು ಹೆಚ್ಚಾಗಿ ವೈದ್ಯರ ಮನೆಯ ಅಟ್ಟದಲ್ಲೇ ಉಳಿದವು. ಮಗ ಅಪ್ಪನ ಜೊತೆ ಗುಡ್ಡ ಹತ್ತುವವರೆಗೆ ಹೆಸರಿಗೂ ಗಿಡಕ್ಕೂ ನಂಟಿತ್ತು. ಹತ್ತುವುದು ನಿಂತಲ್ಲಿ ನಂಟು ಕಡಿಯಿತು. ಇಂದು ಬ್ರಾಹ್ಮಿ ಎಂದರೆ ನಮ್ಮಲ್ಲಿ ಅನೇಕರು ಒಂದೆಲಗವನ್ನು ತೋರಿಸುತ್ತಾರೆ, ಇನ್ನು ಕೆಲವರು ನೀರುಬ್ರಾಹ್ಮಿಯನ್ನು. ಎರಡೂ ಬೇರೆ ಬೇರೆ ಗಿಡ.

ಯುರೋಪಿನವರು ಚಿತ್ರವನ್ನು ನಂಬಿದರು, ಅಲ್ಲಿಯೂ ತೊಡಕು ತಪ್ಪಲಿಲ್ಲ. ಕ್ರಿ.ಶ. ಒಂದನೆಯ ಶತಮಾನದಲ್ಲಿ ವೈದ್ಯ ಡಯಾಸ್ಕೊರಿಡೀಸ್ ಮೂಲಿಕೆಗಳ ಬಗ್ಗೆ ಗ್ರೀಕಿನಲ್ಲಿ ಬರೆದ ಗ್ರಂಥ ಸಾವಿರದೈನೂರು ವರ್ಷ ಅವರಿಗೆ ಪ್ರಮಾಣವಾಗಿತ್ತು. ಪ್ರತಿಯಿಂದ ಪ್ರತಿಗೆ ನಕಲಾಗುತ್ತ ಚಿತ್ರಗಳು ಗಿಡದಿಂದ ದೂರ ಸರಿದವು. 1530ರಲ್ಲಿ ಜರ್ಮನಿಯ ಬ್ರುನ್‌ಫೆಲ್ಸ್‌ನ ಗಿಡಗಳ ಪುಸ್ತಕಕ್ಕೆ ಚಿತ್ರಕಾರ ಹಾನ್ಸ್ ವೈಡಿಟ್ಸ್ ಎದುರಿಗಿದ್ದ ಗಿಡವನ್ನೇ ನೋಡಿ, ಬಾಡಿದ ಎಲೆ, ಹರಿದ ಎಲೆ ಸಮೇತ ಬಿಡಿಸಿದ. 1542ರಲ್ಲಿ ಅಲ್ಲಿನ ವೈದ್ಯ ಫುಕ್ಸ್ ತನ್ನ ಗಿಡಗಳ ಗ್ರಂಥದ ಕೊನೆಗೆ ಚಿತ್ರಕಾರರ ಮುಖಚಿತ್ರಗಳನ್ನೇ ಅಚ್ಚು ಹಾಕಿಸಿದ.

ಅಚ್ಚಿನ ಯಂತ್ರ ನಮ್ಮ ಘಟ್ಟದ ಕೆಳಗೂ ಬಂದಿತ್ತು. 1563ರಲ್ಲಿ ಗೋವೆಯಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾನ ಪುಸ್ತಕ ಹೊರಬಂದಿತು. ಭಾರತದ ಮೂಲಿಕೆ, ಮಸಾಲೆಗಳ ಬಗ್ಗೆ ಇಬ್ಬರು ಮಾತನಾಡುವಂತೆ ಅದನ್ನು ಬರೆಯಲಾಗಿದೆ. ನೂರು ವರ್ಷ ಕಳೆದ ಮೇಲೆ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿದ. ಮಲಬಾರಿನ ಗಿಡಗಳನ್ನು ಚಿತ್ರಸಮೇತ ವಿವರಿಸುವ ಅವನ ಹೋರ್ಟಸ್ ಮಲಬಾರಿಕಸ್ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರ ಮೊದಲ ಸಂಪುಟದಲ್ಲಿ ಗಿಡಗಳ ವಿವರ ಹೇಳಿಕೊಟ್ಟ ಕೇರಳದ ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ಅವರ ಹೇಳಿಕೆ ಇದೆ. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ನಾಗರಿ ಅಕ್ಷರದಲ್ಲಿ ಬರೆದುಕೊಟ್ಟ ಹೇಳಿಕೆಯೂ ಇದೆ. ಅವರು ಕೈಯಲ್ಲಿ ಹಿಡಿದು ಕೂತದ್ದು ನಿಘಂಟನ್ನೇ.

ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1890ರಿಂದ, ಡೈಮಾಕ್ ಮತ್ತು ಅವನ ಜೊತೆಗಾರರು ಭಾರತದ ಔಷಧಿ ಗಿಡಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಫಾರ್ಮಕೊಗ್ರಾಫಿಯಾ ಇಂಡಿಕಾ ಅಚ್ಚಾಗತೊಡಗಿತು. ಅದರಲ್ಲಿ ಗಿಡಗಳ ಕನ್ನಡ ಹೆಸರುಗಳಿವೆ, ರೋಮನ್ ಅಕ್ಷರದಲ್ಲಿ, ಪಕ್ಕದಲ್ಲಿ ‘ಕ್ಯಾನ್.’ (ಕ್ಯಾನರೀಸ್, ಎಂದರೆ ಕನ್ನಡ) ಎಂಬ ಮೊಟಕು ಗುರುತಿನೊಂದಿಗೆ. ಆ ಹೆಸರುಗಳನ್ನು ಹೇಳಿಕೊಟ್ಟವರು ಯಾವ ಊರಿನವರು, ಕುರಿ ಕಾಯುವವರೋ ನಾಟಿ ವೈದ್ಯರೋ ಎಂಬುದು ಗಿಡದ ಹೆಸರಿನ ಜೊತೆ ಬರುವುದಿಲ್ಲ. ಇಟ್ಟಿ ಅಚ್ಯುತನ್ ಅವರಿಗೆ ದೊರೆತ ಒಂದು ಪುಟ ನಮ್ಮವರಿಗೆ ಅಲ್ಲಿ ದೊರೆಯಲಿಲ್ಲ.