ಸಯನೈಡ್ ಅರಗಿಸಿಕೊಳ್ಳುವ ಲೋಳೆ

ಅಮೆರಿಕದ ಸೌತ್ ಡಕೋಟಾದಲ್ಲಿ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿ ಇತ್ತು. ಅದಿರಿನಿಂದ ಚಿನ್ನ ಬೇರ್ಪಡಿಸಲು ಅಲ್ಲಿ ಸಯನೈಡ್ ಬಳಸುತ್ತಿದ್ದರು. ಗಣಿಯ ಕೊಳೆಯೆಲ್ಲ ದಶಕಗಳ ಕಾಲ ವೈಟ್‌ವುಡ್ ಎಂಬ ತೊರೆಗೆ ಸೇರುತ್ತಿತ್ತು. ಮೀನು ಬದುಕುವಂಥ ನೀರಾಗಿ ಅದು ಉಳಿದಿರಲಿಲ್ಲ. 1984ರಲ್ಲಿ ಗಣಿಯ ನೀರಿನ ವಿಷ ತೆಗೆಯುವ ಕೆಲಸವನ್ನು ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಿದರು. ಮುಂದೆ ಅದೇ ತೊರೆಗೆ ಟ್ರೌಟ್ ಮೀನುಗಳು ವಾಪಸ್ ಬಂದವು.

ಸಯನೈಡ್ ಅಂದರೆ ಸುಮ್ನೆ ಅಲ್ಲ. ಜೀವಕೋಶಗಳು ಆಮ್ಲಜನಕ ಬಳಸುವುದನ್ನೇ ಅದು ತಡೆದುಬಿಡುತ್ತದೆ. ಅಂಥದ್ದನ್ನು ಬ್ಯಾಕ್ಟೀರಿಯಾ ಅರಗಿಸಿಕೊಳ್ಳುವುದು ಹೇಗೆ? ಸಯನೈಡ್‌ನಲ್ಲಿ ಇರುವುದು ಒಂದು ಇಂಗಾಲ, ಒಂದು ಸಾರಜನಕ, ಅಷ್ಟೇ. ಎರಡೂ ಎಲ್ಲ ಜೀವಿಗಳಿಗೂ ಬೇಕಾದವೇ. ಅವೆರಡರ ನಡುವಿನ ಗಟ್ಟಿ ಬಂಧವನ್ನು ಬಿಡಿಸುವ ಕಿಣ್ವ ಯಾರಲ್ಲಿ ಇದೆಯೋ ಅವರಿಗೆ ಈ ವಿಷವೇ ಆಹಾರ. ಸ್ಯೂಡೋಮೊನಾಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಅಂಥ ಕಿಣ್ವಗಳಿವೆ.

ಹೋಮ್‌ಸ್ಟೇಕ್‌ನಲ್ಲಿ ಇವು ದೊಡ್ಡ ತಟ್ಟೆಗಳ ಮೇಲೆ ಲೋಳೆಯಾಗಿ ಬೆಳೆದಿದ್ದವು. ತಟ್ಟೆಯ ಒಂದು ಭಾಗ ನೀರಿನಲ್ಲಿ, ಉಳಿದದ್ದು ಗಾಳಿಯಲ್ಲಿ. ತಟ್ಟೆ ನಿಧಾನವಾಗಿ ತಿರುಗಿದಂತೆ ಲೋಳೆಗೆ ಒಮ್ಮೆ ಊಟ, ಒಮ್ಮೆ ಉಸಿರು. ಆದರೆ ಸಯನೈಡ್ ಒಡೆದರೆ ಅಮೋನಿಯಾ ಹುಟ್ಟುತ್ತದೆ, ಅದೂ ಮೀನಿಗೆ ವಿಷ. ಹಾಗಾಗಿ ಮುಂದಿನ ಹಂತದಲ್ಲಿ ಬೇರೆಯೇ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತಿದ್ದವು.

ಈ ವಿದ್ಯೆಯ ಜೀವಾಳ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಎಲ್ಲ ವಿಷವನ್ನೂ ನುಂಗುವ ಒಂದೇ ಒಂದು ಬ್ಯಾಕ್ಟೀರಿಯಾ ಎಲ್ಲೂ ಇಲ್ಲ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಮುಗಿಸಬೇಕು. ಬಟ್ಟೆಗೆ ಹಾಕುವ ಅಜೋ ಬಣ್ಣಗಳನ್ನೇ ನೋಡಿ. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ಬಣ್ಣದ ಅಣುವನ್ನು ನಡುವೆ ಕತ್ತರಿಸುತ್ತವೆ. ನೀರು ತಿಳಿಯಾಗುತ್ತದೆ. ನೋಡಿದವರಿಗೆ ಕೆಲಸ ಮುಗಿಯಿತು ಅನ್ನಿಸುತ್ತೆ, ಅಲ್ವಾ? ಆದರೆ ಆ ನೀರಿನಲ್ಲಿ ಈಗ ಬಣ್ಣದ ಅಣು ತುಂಡಾಗಿ ಹುಟ್ಟಿದ ಅಮೈನ್ ಎಂಬ ರಾಸಾಯನಿಕಗಳಿವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು. ಅವನ್ನು ಒಡೆಯಲು ಸಾಮಾನ್ಯವಾಗಿ ಗಾಳಿ ಊದುವ ಇನ್ನೊಂದು ಟ್ಯಾಂಕ್ ಬೇಕು, ಅಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಬೇಕು. ಬಣ್ಣ ಹೋದ ಮಾತ್ರಕ್ಕೆ ನೀರನ್ನು ಹೊರಗೆ ಬಿಡುವುದು ದೊಡ್ಡ ತಪ್ಪು.

ಇಷ್ಟೆಲ್ಲ ಬ್ಯಾಕ್ಟೀರಿಯಾ ಎಲ್ಲಿಂದ ತರುವುದು? ಹೆಚ್ಚಿನವು ಕೆಸರಿನಲ್ಲೇ ಇರುತ್ತವೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಚರಂಡಿ ನೀರಿಗೆ ಗಾಳಿ ಊದಿ, ತಳಕ್ಕೆ ಕೂತ ಕೆಸರನ್ನು ಚೆಲ್ಲದೆ ಹಾಗೇ ಉಳಿಸಿಕೊಂಡರು. ಮೇಲಿನ ತಿಳಿ ತೆಗೆದು ಹೊಸ ಕೊಳಚೆ ಹಾಕಿದರು. ಪ್ರತಿ ಸಲವೂ ಕೆಲಸ ಬೇಗ ಮುಗಿಯತೊಡಗಿತು. ಮೊದಲು ವಾರಗಟ್ಟಲೆ ಹಿಡಿದದ್ದು ಕೊನೆಗೆ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಇವತ್ತಿಗೂ ಜಗತ್ತಿನ ಅನೇಕ ಕೊಳಚೆ ನೀರು ಶುದ್ಧ ಮಾಡುವ ಘಟಕಗಳು ನಡೆಯುವುದು ಇದೇ ಉಪಾಯದ ಮೇಲೆ.

ಕಾರ್ಖಾನೆಯ ವಿಷಕ್ಕೂ ಕೆಸರನ್ನು ಹೀಗೇ ಪಳಗಿಸುತ್ತಾರೆ. ಫಿನಾಲ್ ಎಂಬ ವಿಷ ರಾಸಾಯನಿಕ ಇರುವ ನೀರನ್ನು ಮೊದಲು ಸ್ವಲ್ಪವೇ ಕೊಟ್ಟು, ದಿನ ಕಳೆದಂತೆ ಜಾಸ್ತಿ ಮಾಡುತ್ತಾರೆ. ತಾಳಿಕೊಂಡವು ಉಳಿದು ಹೆಚ್ಚುತ್ತವೆ. ಒಮ್ಮೆಲೇ ಸುರಿದರೆ ಫಿನಾಲ್ ತಿನ್ನುವ ಬ್ಯಾಕ್ಟೀರಿಯಾವೂ ಫಿನಾಲ್‌ನಿಂದಲೇ ಸಾಯುತ್ತದೆ. ಕಾರ್ಖಾನೆ ನೀರಿನಲ್ಲಿ ಸಾರಜನಕ, ರಂಜಕ ಕಡಿಮೆ ಇದ್ದರೆ ಅವನ್ನೂ ಬೆರೆಸಬೇಕು. ಪುಡಿ ರೂಪದಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ಬ್ಯಾಕ್ಟೀರಿಯಾಕ್ಕಿಂತ, ಆಯಾ ನೀರಿಗೇ ಹೊಂದಿಕೊಂಡ ಕೆಸರಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ಲೋಹಗಳ ಕಥೆ ಬೇರೆ. ಸೀಸ, ಸತು, ಕ್ರೋಮಿಯಂಗಳನ್ನು ಯಾವ ಬ್ಯಾಕ್ಟೀರಿಯಾವೂ ಒಡೆಯಲಾರದು. ಅವು ಮೂಲಧಾತುಗಳು. ಮಾಡಬಹುದಾದದ್ದು ಅವುಗಳ ರೂಪ ಬದಲಿಸುವುದು. ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಆ ಸಲ್ಫೈಡ್ ನೀರಿನಲ್ಲಿ ಕರಗಿದ ಸತುವನ್ನು ಹಿಡಿದು ಗಟ್ಟಿ ಕಣವಾಗಿಸಿ ತಳಕ್ಕೆ ಇಳಿಸುತ್ತದೆ. ನೆದರ್ಲೆಂಡ್ಸ್‌ನ ಬ್ಯೂಡೆಲ್‌ನ ಸತು ಕಾರ್ಖಾನೆ 1992ರಿಂದ ತನ್ನ ನೆಲದಡಿಯ ಮಲಿನ ನೀರನ್ನು ಹೀಗೆ ಶುದ್ಧ ಮಾಡತೊಡಗಿತು. ತಳದಲ್ಲಿ ಸಿಕ್ಕ ಸತುವಿನ ಸಲ್ಫೈಡನ್ನು ಕಾರ್ಖಾನೆ ಮತ್ತೆ ತನ್ನ ಕುಲುಮೆಗೇ ಹಾಕಿ ಸತು ತೆಗೆಯುತ್ತದೆ.