ಡಿಶ್ ಕೂಡಿಸಿದರೆ ರೇಡಿಯೊ ಸ್ಟೇಷನ್ ಆಗುತ್ತದೆಯೇ?

ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯ ಕ್ರೈಸ್ತ ಸಭೆಗಳಿಂದ ನನಗೆ ಬರುವ ಫೋನುಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ, ಸ್ಯಾಟಲೈಟಿನ್ಯಾಗ ಕ್ರೈಸ್ತ ಕಾರ್ಯಕ್ರಮ ಪುಕ್ಕಟೆ ಬರ್ತಾವಂತಲ್ರಿ. ಒಂದು ಡಿಶ್, ಒಂದು ರಿಸೀವರ್ ಕೂಡ್ಸಿ ಊರಿಗೆಲ್ಲ ಕೇಳ್ಸಬಹುದಲ್ರಿ?" ಕೇಳುವವರು ಪಾಸ್ಟರ್ ಆಗಿರುತ್ತಾರೆ, ಇಲ್ಲವೇ ಸಭೆಯ ಯುವಕರ ಸಂಘದ ಹುಡುಗರು. ಕೇಬಲ್ ಕಂಟ್ರೋಲ್ ರೂಮುಗಳಿಗೆ, ರೇಡಿಯೊ ಸ್ಟೇಷನ್ನುಗಳಿಗೆ ಡಿಶ್ ಮತ್ತು ರಿಸೀವರ್ ಕೂಡಿಸುವುದು, ಕೆಟ್ಟರೆ ಹೋಗಿ ನೋಡುವುದು ನನ್ನ ಕಸುಬಾದ್ದರಿಂದ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಹಿರಿಯರಿಗೆ ಕ್ರೈಸ್ತ ರೇಡಿಯೊ ಅಂದರೆ ದೂರದಿಂದ ಬರುವ ಶಾರ್ಟ್‌ವೇವ್, ಇಲ್ಲವೇ ಮೀಡಿಯಂ ವೇವ್. ಫೆಬಾ ಸಂಸ್ಥೆ 1970ರಿಂದ 2003ರವರೆಗೆ ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪದಿಂದ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ಬಿತ್ತರಿಸುತ್ತಿತ್ತು. ಟ್ರಾನ್ಸ್ ವರ್ಲ್ಡ್ ರೇಡಿಯೊ ಶ್ರೀಲಂಕಾದ ಪುತ್ತಲಂನಿಂದ 882 ಕಿಲೊಹರ್ಟ್ಸ್ ಮೀಡಿಯಂ ವೇವ್‌ನಲ್ಲಿ ಬರುತ್ತಿತ್ತು. ಮೀಡಿಯಂ ವೇವ್ ಕತ್ತಲಾದ ಮೇಲೆ ದೂರ ಸಾಗುತ್ತದೆ. ಅಲ್ಲೆಲ್ಲ ಇದ್ದದ್ದು ಒಂದು ದೊಡ್ಡ ಟ್ರಾನ್ಸ್‌ಮಿಟರ್, ಅದರ ಎದುರು ನೇರವಾಗಿ ಮನೆಮನೆಯ ರೇಡಿಯೊ. ನಡುವೆ ಯಾರೂ ಇಲ್ಲ.

ಸ್ಯಾಟಲೈಟ್ ರಿಸೀವರಿನ ಏರ್ಪಾಡು ಹಾಗಲ್ಲ. ಅದು ಹುಟ್ಟಿದ್ದು ಸಣ್ಣಸಣ್ಣ ಸ್ಟೇಷನ್ನುಗಳು ನೂರಾರು ಇರುವ ದೇಶಗಳಲ್ಲಿ. ಅಮೆರಿಕದಲ್ಲಿ ಮೊದಲು ಕಾರ್ಯಕ್ರಮವನ್ನು ಟೇಪಿಗೆ ತುಂಬಿ ಅಂಚೆಯಲ್ಲಿ ಕಳಿಸುತ್ತಿದ್ದರು. ನೂರು ಸ್ಟೇಷನ್ ಇದ್ದರೆ ನೂರು ಟೇಪು, ನೂರು ಪೊಟ್ಟಣ. ಅಂಚೆ ತಡವಾದರೆ ಈಸ್ಟರ್ ಪ್ರಸಂಗ (ಧರ್ಮೋಪದೇಶ) ಈಸ್ಟರ್ ಮುಗಿದ ಮೇಲೆ ಕೈಸೇರುತ್ತಿತ್ತು. ಶಿಕಾಗೊದ ಮೂಡಿ ಬೈಬಲ್ ಸಂಸ್ಥೆ 1982ರಲ್ಲಿ ಸ್ಯಾಟಲೈಟ್ ಮೂಲಕ ಸ್ಟೇಷನ್ನುಗಳಿಗೆ ಕಾರ್ಯಕ್ರಮ ಹಂಚಲು ಆರಂಭಿಸಿತು. 1931ರ ಕ್ರಿಸ್ಮಸ್ ದಿನ ಈಕ್ವೆಡಾರ್‌ನ ಕೀಟೊದಲ್ಲಿ ಶುರುವಾದ ಎಚ್‌ಸಿಜೆಬಿ ಎಂಬ ಕ್ರೈಸ್ತ ರೇಡಿಯೊ 1990ರ ದಶಕದಲ್ಲಿ ಆಲಾಸ್ ಎಂಬ ಹೆಸರಿನಲ್ಲಿ ಲ್ಯಾಟಿನ್ ಅಮೆರಿಕದ ಊರೂರಿನ ಸ್ಟೇಷನ್ನುಗಳಿಗೆ ಸ್ಪ್ಯಾನಿಷ್ ಕಾರ್ಯಕ್ರಮಗಳನ್ನು ಇದೇ ದಾರಿಯಲ್ಲಿ ಕಳಿಸಿತು. ಲೆಕ್ಕ ಸರಳ. ಮೇಲಕ್ಕೆ ಕಳಿಸುವ ಖರ್ಚು ಹತ್ತು ಸ್ಟೇಷನ್ ಕೇಳಿದರೂ ಅಷ್ಟೇ, ಸಾವಿರ ಕೇಳಿದರೂ ಅಷ್ಟೇ. ಆಕಾಶವಾಣಿಯೂ ಬೇರೆಯದೇನೂ ಮಾಡುವುದಿಲ್ಲ. 1966ರಿಂದ ಇರುವ ನಮ್ಮ ಕಲಬುರಗಿ ಕೇಂದ್ರಕ್ಕೆ ದೆಹಲಿಯ ವಾರ್ತೆ ಆಕಾಶದ ಮೇಲಿಂದಲೇ ಇಳಿಯುತ್ತದೆ.

ಅಂದರೆ ರಿಸೀವರ್ ಸ್ಟೇಷನ್ ಅಲ್ಲ. ಅದು ಊರಿನ ನೀರಿನ ಟ್ಯಾಂಕಿಗೆ ಬರುವ ದೊಡ್ಡ ಪೈಪಿನ ಹಾಗೆ. ಟ್ಯಾಂಕು, ನಲ್ಲಿ, ಓಣಿಯ ಪೈಪು ಎಲ್ಲವೂ ನಿಮ್ಮದೇ ಇರಬೇಕು.

ದಾರಿ ಹೀಗಿದೆ. ಸ್ಟುಡಿಯೊದ ಧ್ವನಿಯನ್ನು ಎನ್‌ಕೋಡರ್ ಡಿಜಿಟಲ್ ಮಾಡಿ ಕುಗ್ಗಿಸುತ್ತದೆ. ಸಿ ಬ್ಯಾಂಡ್ ಎಂಬ ತರಂಗಪಟ್ಟಿಯಾದರೆ ಸುಮಾರು 6 ಗಿಗಾಹರ್ಟ್ಸ್‌ನಲ್ಲಿ ಮೇಲೇರಿ, ಸಮಭಾಜಕದ ಮೇಲೆ 35,786 ಕಿಲೊಮೀಟರ್ ಎತ್ತರದ ಉಪಗ್ರಹ ಮುಟ್ಟಿ, ಸುಮಾರು 4 ಗಿಗಾಹರ್ಟ್ಸ್‌ನಲ್ಲಿ ಕೆಳಗಿಳಿಯುತ್ತದೆ. ಡಿಶ್‌ನ ಮೂತಿಯಲ್ಲಿರುವ ಎಲ್‌ಎನ್‌ಬಿ ಅದನ್ನು 950ರಿಂದ 2150 ಮೆಗಾಹರ್ಟ್ಸ್‌ ನಡುವೆ ಇಳಿಸಿ ಕೇಬಲ್ಲಿಗೆ ಕೊಡುತ್ತದೆ. ಹೋಗಿ ಬರುವುದಕ್ಕೇ ಕಾಲು ಸೆಕೆಂಡ್ ಹಿಡಿಯುತ್ತದೆ, ಎನ್‌ಕೋಡರ್ ಇನ್ನಷ್ಟು ತಡ ಸೇರಿಸುತ್ತದೆ. ಹೀಗಾಗಿ ಸ್ಯಾಟಲೈಟಿನಿಂದ ಬರುವ ಗಂಟೆಯ ಸಂಕೇತ ಕೇಳಿ ಗಡಿಯಾರ ಹೊಂದಿಸಬೇಡಿ.

"ಮನೆಯ ಫ್ರೀ ಡಿಶ್ ಪೆಟ್ಟಿಗೆಯಲ್ಲೂ ಆಕಾಶವಾಣಿ ಬರುತ್ತದಲ್ಲ, ಅದೇ ಸಾಲದೇ?" ಅನ್ನುತ್ತಾರೆ. ಧ್ವನಿ ಬರುತ್ತದೆ, ನಿಜ. ಆದರೆ ಕರೆಂಟ್ ಹೋಗಿ ಬಂದರೆ ಮನೆಯ ಪೆಟ್ಟಿಗೆ ಸ್ಟ್ಯಾಂಡ್‌ಬೈಗೆ ಹೋಗಿ ಕೂತುಬಿಡಬಹುದು, ಇಲ್ಲವೇ ಬೇರೆ ಚಾನೆಲ್ಲಿಗೆ ಹೋಗಿ ನಿಲ್ಲಬಹುದು. ರಾತ್ರಿ ಯಾರೂ ಇಲ್ಲದ ಸ್ಟೇಷನ್ನಿನಲ್ಲಿ ಬೆಳಗಿನತನಕ ಏನು ಪ್ರಸಾರವಾಗುತ್ತದೋ ದೇವರೇ ಬಲ್ಲ. ಸ್ಟೇಷನ್‌ಗೆ ಮಾಡಿದ ರಿಸೀವರ್ ಎದ್ದ ಕೂಡಲೇ ತನ್ನ ಜಾಗಕ್ಕೇ ಮರಳುತ್ತದೆ. ಪ್ರತಿ ರಿಸೀವರಿಗೆ ತನ್ನದೇ ವಿಳಾಸ ಇರುತ್ತದೆ. ಯಾವ ಸ್ಟೇಷನ್ ಯಾವ ಕಾರ್ಯಕ್ರಮ ತೆಗೆದುಕೊಳ್ಳಬಹುದು ಎಂದು ಕಳಿಸುವವರು ಅಲ್ಲಿಂದಲೇ ತೆರೆಯಬಹುದು, ಮುಚ್ಚಬಹುದು. ಕೆಲವುಗಳಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ. ಕಾರ್ಯಕ್ರಮ ರಾತ್ರಿ ಫೈಲ್ ಆಗಿ ಇಳಿದು, ಸ್ಟೇಷನ್ ಬೇಕೆಂದ ಹೊತ್ತಿಗೆ ಬಿತ್ತರವಾಗುತ್ತದೆ. ತೊಗರಿ ಕೊಯ್ಲಿನ ದಿನಗಳಲ್ಲಿ ನಮ್ಮ ಜನ ನಸುಕಿಗೇ ಹೊಲ ಸೇರುತ್ತಾರೆ. ಎಲ್ಲೋ ಕೂತವರು ಗೊತ್ತುಮಾಡಿದ ಬೆಳಗಿನ ಎಂಟು ಗಂಟೆ ಅವರಿಗೆ ಒಗ್ಗುವುದಿಲ್ಲ.

ಇನ್ನೊಂದು ಕೆಲಸ ರಿಲೇಯದು, ಅಂದರೆ ಸಂಕೇತ ಬಂದಾಗ ತಾನೇ ಕೂಡುವ ಸ್ವಿಚ್ಚಿನದು. ಪ್ರಸಂಗದ ನಡುವೆ ಸ್ಥಳೀಯ ಪ್ರಕಟಣೆಗೆ ಮೂವತ್ತು ಸೆಕೆಂಡ್ ಬಿಟ್ಟಿರುತ್ತಾರೆ. ಆ ಕ್ಷಣ ಧ್ವನಿಯ ಜೊತೆಗೇ ಒಂದು ಸಂಕೇತ ಬರುತ್ತದೆ, ರಿಸೀವರಿನ ಹಿಂದಿನ ರಿಲೇ ಟಿಕ್ ಅಂದು ಕೂಡುತ್ತದೆ, ಸ್ಟೇಷನ್ನಿನ ಕಂಪ್ಯೂಟರ್ ತನ್ನ ಪ್ರಕಟಣೆ ಶುರುಮಾಡುತ್ತದೆ. ಪ್ರಕಟಣೆ ಮೂವತ್ತೆರಡು ಸೆಕೆಂಡ್ ಇದ್ದರೆ ಮರಳಿ ಬರುವ ಪ್ರಸಂಗದ ಮೊದಲ ಎರಡು ಸೆಕೆಂಡ್ ಹೋಯಿತು. "ರಿಸೀವರ್ ಮಾತು ನುಂಗ್ಲಕತ್ತದ" ಎಂಬ ದೂರಿನ ಹಿಂದೆ ಹೋದರೆ ಬಹಳ ಸಲ ಸಿಗುವುದು ಇದೇ. ಯಂತ್ರ ಸರಿಯಿರುತ್ತದೆ, ಉದ್ದ ಆಗಿರುವುದು ಪ್ರಕಟಣೆ.

ಈಗ ಡಿಶ್‌ಗೆ ಬರೋಣ. ನಮ್ಮ ಜಿಲ್ಲೆಗಳಲ್ಲಿ ಪಾಠ ಕಲಿಸುವುದು ಆಕಾಶಕ್ಕಿಂತ ನೆಲ. ಬೀದರಿನಿಂದ ನೋಡಿದರೆ 83 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-30 ಉಪಗ್ರಹ ತೆಂಕಣದಿಂದ ತುಸು ಮೂಡಣಕ್ಕೆ, ನೆಲದಿಂದ ಸುಮಾರು 68 ಡಿಗ್ರಿ ಎತ್ತರದಲ್ಲಿದೆ. ಫ್ರೀ ಡಿಶ್ ಬರುವ 93.5 ಡಿಗ್ರಿಯ ಜಿಸ್ಯಾಟ್-15 ಆಗ್ನೇಯಕ್ಕೆ, ಸುಮಾರು 62 ಡಿಗ್ರಿ. ಎರಡೂ ನೆತ್ತಿಗೆ ಹತ್ತಿರ, ಹಾಗಾಗಿ ಮರ, ಮನೆ ಅಡ್ಡ ಬರುವುದು ಕಡಿಮೆ. ಅದು ನಮ್ಮ ಅದೃಷ್ಟ. ಆದರೆ ಸಿ ಬ್ಯಾಂಡಿನಲ್ಲಿ ಎರಡೂಕಾಲು ಮೀಟರಿನಷ್ಟು ಅಗಲದ, ಅಂದರೆ ಏಳೂವರೆ ಅಡಿ ಆಸುಪಾಸಿನ ಡಿಶ್‌ನ ನೋಟ ಎರಡು ಡಿಗ್ರಿ ಚಿಲ್ಲರೆ ಮಾತ್ರ. ಕಂಬ ಒಂದು ಡಿಗ್ರಿ ವಾಲಿದರೆ ಸಿಗ್ನಲ್ ಅರ್ಧದ ಹತ್ತಿರ ಬೀಳುತ್ತದೆ. ಕಲಬುರಗಿ, ಯಾದಗಿರಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರಲ್ಲಿ ಎರಡು ಅಡಿ ಗುಂಡಿ ತೋಡಿ, ಕಾಂಕ್ರೀಟ್ ಸುರಿದು ಕಂಬ ನಿಲ್ಲಿಸಿದರೆ ಕಾರ್ತಿಕದಲ್ಲಿ ಸರಿಯಿದ್ದದ್ದು ಚೈತ್ರಕ್ಕೆ ವಾಲಿರುತ್ತದೆ. ಎರೆಮಣ್ಣು ಪೂರ್ತಿ ತೆಗೆದು ಕೆಳಗಿನ ಗಟ್ಟಿ ನೆಲ ಮುಟ್ಟಬೇಕು, ಇಲ್ಲವೇ ಡಿಶ್ಶನ್ನು ಆರ್‌ಸಿಸಿ ಮಾಳಿಗೆಯ ತೊಲೆಯ ಮೇಲೆ ಕೂಡಿಸಬೇಕು. ನಾನು ಮಾಳಿಗೆಯನ್ನೇ ಆರಿಸುತ್ತೇನೆ.

ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಕಂಬ ಅಲುಗುವುದಿಲ್ಲ. ಅಲ್ಲಿನ ಕಷ್ಟ ಅರ್ಥಿಂಗ್. ಒಣಗಿದ ಜಂಬಿಟ್ಟಿಗೆಯಲ್ಲಿ ವಿದ್ಯುತ್ ಸುಲಭವಾಗಿ ನೆಲಕ್ಕೆ ಇಳಿಯುವುದಿಲ್ಲ. ಒಂದು ಕಬ್ಬಿಣದ ಸಲಾಕೆ ಹೊಡೆದು ಕೈತೊಳೆದುಕೊಂಡರೆ ಮೊದಲ ಗುಡುಗಿಗೇ ಎಲ್‌ಎನ್‌ಬಿ ಹೋಗುತ್ತದೆ, ಕೇಬಲ್ ಹಿಡಿದು ಒಳಗೆ ಬಂದ ಆಘಾತ ರಿಸೀವರನ್ನೂ ಸುಡುತ್ತದೆ. ಆಳದ ಗುಂಡಿ, ಇದ್ದಿಲು, ಉಪ್ಪು, ತಾಮ್ರದ ಪಟ್ಟಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು. ಡಿಶ್‌ನ ಕಂಬ, ಟವರ್, ಸ್ಟುಡಿಯೊದ ರ‍್ಯಾಕ್ ಮೂರೂ ಒಂದೇ ಅರ್ಥಿಗೆ ಸೇರಬೇಕು. ಬೇರೆಬೇರೆ ಅರ್ಥ್ ಹಾಕಿದರೆ ಹೆಚ್ಚು ಭದ್ರ ಎಂದು ನಂಬುವ ಎಲೆಕ್ಟ್ರಿಷಿಯನ್ನುಗಳು ಇದ್ದಾರೆ. ಸಿಡಿಲಿನ ಹೊತ್ತಿಗೆ ಆ ಎರಡು ಅರ್ಥಿನ ನಡುವಿನ ವೋಲ್ಟೇಜ್ ಹರಿಯುವುದು ನಿಮ್ಮ ರಿಸೀವರಿನ ಹೊಟ್ಟೆಯೊಳಗಿಂದಲೇ.

ಎಲ್‌ಎನ್‌ಬಿ ವಿಚಾರದಲ್ಲಿ ಅಂಗಡಿಯವರ ಮಾತು ಕೇಳಬೇಡಿ. ಟಿವಿ ಚಾನೆಲ್‌ಗಳ ಗೊಂಚಲು ಮೂವತ್ತು ಮೆಗಾಹರ್ಟ್ಸ್‌ನಷ್ಟು ಅಗಲ ಇರುತ್ತದೆ. ಬಿಸಿಲಿಗೆ ಎಲ್‌ಎನ್‌ಬಿ ಒಂದು ಮೆಗಾಹರ್ಟ್ಸ್ ಆಚೀಚೆ ಜಾರಿದರೂ ಟಿವಿಯವರಿಗೆ ಗೊತ್ತಾಗದು. ರೇಡಿಯೊಗೆ ಮಾತ್ರ ಮೀಸಲಾದ ಕ್ಯಾರಿಯರ್ (ಕಾರ್ಯಕ್ರಮ ಹೊತ್ತು ತರುವ ತರಂಗ) ಕೆಲವು ನೂರು ಕಿಲೊಹರ್ಟ್ಸ್ ಅಗಲ ಅಷ್ಟೇ ಇರಬಹುದು. ಅಷ್ಟು ಜಾರಿದರೆ ರಿಸೀವರಿಗೆ ಅದು ಸಿಗುವುದೇ ಇಲ್ಲ. ಮುಂಜಾನೆ ಚೆನ್ನಾಗಿ ಬಂದು, ಕಲಬುರಗಿಯ ಮೇ ತಿಂಗಳ ನಡುಮಧ್ಯಾಹ್ನ ಮಾತ್ರ ಬಂದ್ ಆಗಿ, ಸಂಜೆ ತಾನೇ ಸರಿಯಾಗುವ ಸ್ಟೇಷನ್ ಕಂಡರೆ ಮೊದಲು ಎಲ್‌ಎನ್‌ಬಿ ಬದಲಿಸಿ. ಹೀಗೆ ಜಾರದಂತೆ ಹಿಡಿದಿಡುವ, ಪಿಎಲ್‌ಎಲ್ ಎಂದು ಬರೆದಿರುವುದನ್ನೇ ತನ್ನಿ, ಬೆಲೆ ಹೆಚ್ಚಾದರೂ ಸರಿ.

ಬಿಸಿಲಿನ ಕಾವಿಗೆ ಸಂಬಂಧವಿಲ್ಲದ ಇನ್ನೊಂದು ಮಧ್ಯಾಹ್ನದ ತೊಂದರೆಯೂ ಇದೆ. ಮಾರ್ಚ್ ಎರಡನೆಯ ವಾರದ ಆಸುಪಾಸಿನಲ್ಲಿ, ಮತ್ತೆ ಅಕ್ಟೋಬರ್ ಆರಂಭದಲ್ಲಿ, ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. 83 ಡಿಗ್ರಿಯ ಉಪಗ್ರಹಕ್ಕೆ ಬೀದರಿನಲ್ಲಿ ಅದು ಹನ್ನೆರಡು ಗಂಟೆಯ ಹತ್ತಿರ. ಕೆಲವು ನಿಮಿಷ ಗದ್ದಲ, ಆಮೇಲೆ ಸರಿ. ಏನೂ ಬಿಚ್ಚಬೇಡಿ. ಮಳೆಯ ಕಾಟ ಮನೆಯ ಸಣ್ಣ ಡಿಶ್‌ಗಳು ಬಳಸುವ ಕೆಯು ಬ್ಯಾಂಡ್ ಎಂಬ ಮೇಲಿನ ತರಂಗಪಟ್ಟಿಗೆ, ಸಿ ಬ್ಯಾಂಡಿಗೆ ಹೆಚ್ಚೇನೂ ಇಲ್ಲ. 2022ರಿಂದ 5ಜಿ ಟವರುಗಳು 3300ರಿಂದ 3670 ಮೆಗಾಹರ್ಟ್ಸ್‌ವರೆಗಿನ ತರಂಗ ಬಳಸುತ್ತಿರುವುದರಿಂದ ಸಿ ಬ್ಯಾಂಡ್ ಡಿಶ್ ಪಕ್ಕದಲ್ಲಿ ಟವರ್ ಇದ್ದರೆ ಫಿಲ್ಟರ್ ಹಾಕಬೇಕಾಗುತ್ತದೆ.

ಇಷ್ಟೆಲ್ಲ ಕೇಳಿ ಉತ್ಸಾಹ ಉಳಿದವರಿಗೆ ಕಾನೂನು. ಡಿಶ್ ಹಾಕಿ, ಬಿಟ್ಟಿ ಬರುವುದನ್ನು ಕೇಳುವುದಕ್ಕೆ ಅಡ್ಡಿಯಿಲ್ಲ. ಮತ್ತೆ ಬಿತ್ತರಿಸಲು ಹೋದರೆ ಪರವಾನಗಿ ಬೇಕು. ಖಾಸಗಿ ಎಫ್‌ಎಂ ನೀತಿಯಲ್ಲಿ ಧಾರ್ಮಿಕ ಸಂಸ್ಥೆಗೂ, ಅದರ ಹಿಡಿತದ ಕಂಪನಿಗೂ ಪರವಾನಗಿ ಇಲ್ಲ. ಯಾವ ಧರ್ಮವಾದರೂ ಅಷ್ಟೇ. ಸಮುದಾಯ ಬಾನುಲಿಯನ್ನು 2006ರಿಂದ ಲಾಭರಹಿತ ಸಂಸ್ಥೆಗಳಿಗೂ ಕೊಡುತ್ತಾರೆ. ಆದರೆ ಅದರ ಶಕ್ತಿ 100 ವ್ಯಾಟ್, ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಸ್ಥಳೀಯರು ಸೇರಿಯೇ ಮಾಡಿದ್ದಾಗಿರಬೇಕು, ಮತ್ತು ಅದು ಇಡೀ ಊರಿನ ಬಾನುಲಿ, ಒಂದು ಸಭೆಯದ್ದಲ್ಲ. ಇಡೀ ದಿನ ಸ್ಯಾಟಲೈಟ್ ಪ್ರಸಂಗ ಹಾಕುವ ಸ್ಟೇಷನ್ ಆ ಚೌಕಟ್ಟಿನಲ್ಲಿ ಕೂರುವುದಿಲ್ಲ. ಆನ್‌ಲೈನಿನಲ್ಲಿ ಕೆಲವು ಸಾವಿರಕ್ಕೆ ಸಿಗುವ ಎಫ್‌ಎಂ ಟ್ರಾನ್ಸ್‌ಮಿಟರ್ ತಂದು ಗುಡಿಯ ಮಾಳಿಗೆಗೋ ಚರ್ಚಿನ ಗೋಪುರಕ್ಕೋ ಕಟ್ಟುವುದು ಅಪರಾಧ. ಬೀದರಿನಲ್ಲಿ ವಾಯುಪಡೆಯ ನೆಲೆಯೇ ಇದೆ. ಎಫ್‌ಎಂ ಪಟ್ಟಿ ಮುಗಿದ ಕೂಡಲೇ ವಿಮಾನಗಳ ಪಟ್ಟಿ ಶುರು. ಕಳಪೆ ಟ್ರಾನ್ಸ್‌ಮಿಟರ್ ಆ ಗಡಿ ನೋಡುವುದಿಲ್ಲ.

ಬೀದರಿನ ಸಭೆಗೆ ಸ್ಯಾಟಲೈಟ್ ರಿಸೀವರ್ ಇವತ್ತು ಬೇಕಾದ ವಸ್ತು ಅಲ್ಲ ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತೆಂಟು ನಿಮಿಷದ ಮಾತಿನ ಕಾರ್ಯಕ್ರಮ ಸೆಕೆಂಡಿಗೆ 128 ಕಿಲೊಬಿಟ್‌ನಂತೆ ಸುಮಾರು 27 ಮೆಗಾಬೈಟ್. ಔರಾದ್‌ನ ಹಳ್ಳಿಯ ಮೊಬೈಲಿಗೂ ಅದು ಇಳಿಯುತ್ತದೆ. ಇಂಟರ್ನೆಟ್ ಭರವಸೆಯಿಲ್ಲದ ಕಡೆ, ಒಂದೇ ಹೊತ್ತಿಗೆ ನೂರಾರು ಸ್ಟೇಷನ್ ನಡೆಸುವವರಿಗೆ ಡಿಶ್ ಇನ್ನೂ ಬೇಕು. ನಮಗೆ ಆ ಸ್ಟೇಷನ್ನುಗಳೇ ಇಲ್ಲ.

ನಮ್ಮಲ್ಲಿ ಕೊರತೆ ಇರುವುದು ಇನ್ನೊಂದು ದಿಕ್ಕಿನಲ್ಲಿ. ಕನ್ನಡ ಕ್ರೈಸ್ತ ಕಾರ್ಯಕ್ರಮಗಳನ್ನು ಕೇಳಿ ನೋಡಿ, ಬೆಂಗಳೂರಿನ ದನಿಯೇ ಹೆಚ್ಚು. ಭಾಲ್ಕಿಯ ಹೆಣ್ಣುಮಕ್ಕಳು ಡೋಲಕ್ ಇಟ್ಟುಕೊಂಡು ಹಾಡುವ ಕೀರ್ತನೆ, ಕನ್ನಡ ಮರಾಠಿ ತೆಲುಗು ಬೆರೆತ ಗಡಿಯ ಮಾತು ಅಲ್ಲಿ ನನಗೆ ಕೇಳಿಸಿಲ್ಲ. ಡಿಶ್‌ಗೆ ಕೂಡಿಸಿದ ದುಡ್ಡಿನಲ್ಲಿ ಒಂದು ರೆಕಾರ್ಡರ್, ಎರಡು ಮೈಕು ತನ್ನಿ ಎಂದು ಹುಡುಗರಿಗೆ ಹೇಳುತ್ತಿದ್ದೇನೆ. 48 ಕಿಲೊಹರ್ಟ್ಸ್ ವೇವ್ ಫೈಲಿನಲ್ಲಿ ತುಂಬಿ. ಚರ್ಚಿನ ಎತ್ತರದ ಛಾವಣಿಯ ಕೆಳಗೆ ಬೇಡ, ಅಲ್ಲಿ ಮಾತು ಗುಂಯ್ ಅನ್ನುತ್ತದೆ. ಸಣ್ಣ ಕೋಣೆಯೊಂದರ ಮೂರು ಗೋಡೆಗೆ ಮನೆಯ ದಪ್ಪ ಕೌದಿ ಇಳಿಬಿಡಿ, ಫ್ಯಾನ್ ಆರಿಸಿ, ಮೈಕು ಬಾಯಿಂದ ಒಂದು ಗೇಣು ದೂರ ಇರಲಿ. ಡೋಲಕ್ ಬಾರಿಸುವವನನ್ನು ಎದುರಿನ ಮೂಲೆಗೆ ಕೂಡಿಸಿ.